ಸರದಾರ, ಮಲ್ಲಿಯ ಮರಿಗಳು

ಮಸ್ಕಿಯಲ್ಲಿ ಕಿರಾಣಿ ಅಂಗಡಿ ನಡೆಸುವ ಅಂಬಮ್ಮನ ಮುಧೋಳ ನಾಯಿಗಳಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಸರದಾರ, ಮಲ್ಲಿ ಒಂದೇ ತಾಯಿಯ ಮರಿಗಳು. ಅಂಥ ಉದ್ದ ಕತ್ತು, ಅಂಥ ಸಣ್ಣ ನಡು ಬೇರೆಲ್ಲೂ ಸಿಗದೆಂದು ಅವಳು ಅವೆರಡನ್ನೇ ಕೂಡಿಸಿದ್ದಳು. ಐದು ಮರಿ ಹುಟ್ಟಿದವು. ಅವುಗಳಲ್ಲಿ ಚುಕ್ಕಿ ಎಂಬುದನ್ನು ತಾನಿಟ್ಟುಕೊಂಡು ಉಳಿದವನ್ನು ಕೇಳಿದವರಿಗೆ ಕೊಟ್ಟಳು.

ಎರಡು ವರ್ಷ ತುಂಬುವಷ್ಟರಲ್ಲಿ ಚುಕ್ಕಿ ಸಂಜೆ ಹೊಸ್ತಿಲು ಎಡವತೊಡಗಿತು. ಆಮೇಲೆ ಹಗಲಲ್ಲೂ ಗೋಡೆಗೆ ಹಾಯತೊಡಗಿತು. ಲಿಂಗಸುಗೂರಿನ ಪಶುವೈದ್ಯೆ ದೀಪಾ ಅದರ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದಳು.

“ಇದರ ಅವ್ವ, ಅಪ್ಪ ಯಾವುವ್ರೀ?”

ಅಂಬಮ್ಮ ಹೇಳಿದಳು.

“ಒಡಹುಟ್ಟಿದವ್ರಿ? ಹಂಗಾದ್ರ ದೋಷ ಎರಡೂ ಕಡಿಂದ ಬಂದದ. ಅವಕ್ಕ ಕಣ್ಣು ಕಾಣತಾವ, ಆದ್ರ ಒಳಗ ದೋಷ ಇರತದ. ಎರಡೂ ಕೂಡಿದ್ರ ಕೆಲವು ಮರಿ ಕುರುಡಾಗತಾವ. ಇದಕ್ಕ ಔಷಧ ಇಲ್ರೀ. ಇನ್ನ ಅವುಗಳಿಂದ ಮರಿ ಮಾಡಿಸಬ್ಯಾಡ್ರಿ. ಮರಿ ಒಯ್ದವರಿಗೂ ಹೇಳ್ರಿ.”

ಅಂಬಮ್ಮ ಹೂಂ ಎಂದಳು. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದಳು. ಸಕ್ಕರೆ ಹಾಕಿದ್ದರೋ ಇಲ್ಲವೋ ನಾಲಿಗೆಗೆ ತಿಳಿಯಲಿಲ್ಲ.

ಮರುದಿನ ಅಂಗಡಿ ಮುಚ್ಚಿ ವಳಕಮದಿನ್ನಿಗೆ ಹೋದಳು. ಮರಿ ಒಯ್ದಿದ್ದ ಲಕ್ಷ್ಮಣ ಗದ್ದೆಯ ಬದುವಿನ ಮೇಲೆ ಸಿಕ್ಕ.

“ನಾಯಿ ಹೋತ್ರಿ ಅಮ್ಮಾರ. ಹೋದ ತಿಂಗಳ ಕಾಲುವಿಗೆ ಬಿತ್ತು. ದಿನಾ ಓಡ್ಯಾಡೋ ಹಾದಿ, ಹೆಂಗ ಬಿತ್ತೋ.”

ಅವಳು ಭತ್ತದ ಪೈರು ನೋಡುತ್ತಲೇ ಎಲ್ಲವನ್ನೂ ಹೇಳಿದಳು. ಲಕ್ಷ್ಮಣ ಬೈಯಲಿಲ್ಲ.

“ಹಿಂದಿನ ದಿನ ಸಸಿ ತುಳೀತಂತ ಹೊಡದಿದ್ನಿ,” ಎಂದ. “ಅದಕ್ಕ ಕಾಣತಿದ್ದಿಲ್ಲ, ಹೌದಲ್ರೀ?”

ಆಮೇಲೆ ಅವನೇ ನೀರು ತಂದುಕೊಟ್ಟ. ಅವಳು ಕುಡಿದಳು. ವಾಪಸು ಬಸ್ಸಿನಲ್ಲಿ ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

ಸಿಂಧನೂರಿನ ಮರಿ, ಅಲ್ಲೇ ಹತ್ತಿರದ ಆರ್.ಎಚ್. ಕ್ಯಾಂಪಿನ ಮರಿ ಚೆನ್ನಾಗಿಯೇ ಇದ್ದವು. ಅವನ್ನು ಸಾಕಿದವರಿಗೂ ವಿಷಯ ತಿಳಿಸಿದಳು. ಕೊನೆಯದು ಮುದಗಲ್ಲಿನ ಜಿಲಾನಿಸಾಬನ ಹೆಣ್ಣುನಾಯಿ.

“ಛಲೋ ಬಂದ್ರಿ ಅಕ್ಕಾ,” ಎಂದು ಅವನು ಕುರ್ಚಿ ಹಾಕಿದ. “ಬರೋ ವಾರ ಇದನ್ನ ನಿಮ್ಮ ಸರದಾರನ ಹತ್ರ ಕರಕೊಂಡು ಬರಬೇಕಂತಿದ್ನಿ.”

“ಸರದಾರ ಇದರ ಅಪ್ಪ.”

“ಅದಕ್ಕ ಜಾತಿ ಸಾಫ್ ಇರತದಂತ ನೀವ ಹೇಳಿದ್ರಲ್ಲಾ?”

“ಹೇಳಿದ್ದೆ. ತಪ್ಪು ಹೇಳಿದ್ದೆ ಸಾಬ್ರ.”

ಚುಕ್ಕಿಯ ಕಣ್ಣಿನ ವಿಷಯ ಕೇಳಿ ಅವನಿಗೆ ಸಿಟ್ಟು ಬಂತು. “ಎಷ್ಟು ಮಂದಿಗೆ ಮರಿ ಕೊಡತೀನಂತ ಜಬಾನ್ ಕೊಟ್ಟೀನಿ, ಗೊತ್ತೇನ್ರಿ?”

“ನಾನೂ ಹಂಗ ಮಂದಿಗೆ ಕೊಟ್ಟೆ. ವಳಕಮದಿನ್ಯಾಗ ಒಂದು ಸತ್ತೇ ಹೋಗ್ಯದ. ಇನ್ನ ಮರಿ ಆಗದಂಗ ನನ್ನವಕ್ಕ ಆಪರೇಷನ್ ಮಾಡಸ್ತೀನಿ.”

ಜಿಲಾನಿಸಾಬ ತನ್ನ ನಾಯಿಯ ಮುಖದ ಮುಂದೆ ಕೈ ಆಡಿಸಿದ. ಅದು ಕಣ್ಣು ಮಿಟುಕಿಸಿತು.

“ಡಾಕ್ಟರಮ್ಮಾರ ಹತ್ರ ಯಾವಾಗ ಹೊಂಟೀರಿ?” ಎಂದ. “ನಾನೂ ಬರತೀನಿ.”

ಮುಂದಿನ ವಾರ ಸರದಾರ, ಮಲ್ಲಿ, ಜಿಲಾನಿಸಾಬನ ನಾಯಿ, ಮೂರಕ್ಕೂ ಆಪರೇಷನ್ ಆಯಿತು. ಸೂಜಿ ಚುಚ್ಚುವಾಗ ಸರದಾರನನ್ನು ಅಂಬಮ್ಮನೇ ಹಿಡಿದುಕೊಂಡಳು. ಅಳು ಈಗಲೂ ಬರಲಿಲ್ಲ. ಬರಬೇಕಿತ್ತಲ್ಲ ಎಂದು ಅನಿಸಿದ್ದಷ್ಟೇ.

ಮನೆ ಮುಟ್ಟಿದಾಗ ಅಂಗಡಿ ಮುಂದೆ ಅಪರಿಚಿತನೊಬ್ಬ ಕಾದು ನಿಂತಿದ್ದ.

“ನಿಮ್ಮ ಹತ್ರ ಮರಿ ಸಿಗತಾವಂತಲ್ರೀ?”

“ಆ ತಳಿ ಮುಗೀತ್ರಿ,” ಎಂದು ಅಂಬಮ್ಮ ಬಾಗಿಲು ತೆರೆದಳು.