ಹಾಲು ಕರೆಯದ ಒಂಬತ್ತು ದಿನ

ಗಂಡ ಮಾನ್ವೆಲ್ ಸತ್ತು ನಲವತ್ತು ದಿನವೂ ಆಗಿರಲಿಲ್ಲ, ಪಾರುಪತ್ಯಗಾರ ಸೆಗುಂದೊ ಪಾಸ್ಕುವಾಲಳ ಗುಡಿಸಲ ಮುಂದೆ ಬಂದು ಕುದುರೆ ನಿಲ್ಲಿಸಿದ. ಕೆಳಗಿಳಿಯಲಿಲ್ಲ.

"ಸಂತ ಜುವಾನನ ಹಬ್ಬ ಕಳೀಲಿ. ಆಮೇಲೆ ಗುಡ್ಲು ಖಾಲಿ ಮಾಡು. ಧಣಿಗಳು ಗೇಯೋಕೆ ಹೊಲ ಕೊಟ್ಟಿದ್ದು ನಿನ್ನ ಗಂಡನ ಹೆಸರಲ್ಲಿ. ಅವನೇ ಇಲ್ಲ ಅಂದ್ಮೇಲೆ ನಿಂಗೆಲ್ಲಿ ಹೊಲ?"

"ದಿನಾ ಹದಿನಾಲ್ಕು ಹಸ ಕರಿಯೋಳು ನಾನು, ಸ್ವಾಮಿ. ಹನ್ನೊಂದು ವರ್ಸದಿಂದ ಪುಕ್ಕಟೆ ಕರ್ದಿದೀನಿ."

"ಅದು ಪದ್ಧತಿ. ಹೊಲ ಗೇಯೋನ ಹೆಂಡ್ತಿ ಧಣಿಗಳ ಹಸ ಕರೀಬೇಕು. ನಿಮ್ಮಜ್ಜಿ ಕಾಲದಿಂದ ಬಂದಿದ್ದು. ನಾನು ಮಾಡಿದ್ದಲ್ಲ."

ಕಯಾಂಬೆ ಹಿಮಬೆಟ್ಟದ ಬುಡದಲ್ಲಿರುವ ಸಾಂತಾ ಲೂಸಿಯಾ ಜಮೀನಿನಲ್ಲಿ ಹಾಲು ಕರೆಯುವ ಹೆಂಗಸರು ಮೂವತ್ತೆರಡು ಜನ. ಭಾನುವಾರ ಬಿಸಿಲೇರಿದ ಮೇಲೆ ಕುರಿದೊಡ್ಡಿಯ ಗೋಡೆಗೊರಗಿ ಸಾಲಾಗಿ ಕುಳಿತು, ಒಬ್ಬಳ ತಲೆಯನ್ನು ಇನ್ನೊಬ್ಬಳು ಬಾಚುತ್ತಿದ್ದರು. ಹಿಂದಿನ ವರ್ಷ ಗಂಡಸರು ಸಂಘ ಕಟ್ಟಿದಾಗ ಸಿಪಾಯಿಗಳು ಬಂದು ಹೊಡೆದು ಚದುರಿಸಿದ್ದರು. ಹೇನು ಹೆಕ್ಕುವ ಹೆಂಗಸರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಆ ಬಾಚಣಿಗೆಯ ಸಾಲೇ ಅವರ ಸಂಘ.

ಪಾಸ್ಕುವಾಲ ಆ ಭಾನುವಾರ ವಿಷಯ ಹೇಳಿದಳು. ಎಲ್ಲರಿಗಿಂತ ಹಿರಿಯಳಾದ ರುಫೀನಜ್ಜಿ ಅವಳ ಜಡೆ ಬಿಚ್ಚುತ್ತಿದ್ದವಳು ಕೈ ನಿಲ್ಲಿಸಿದಳು.

"ಇವರಿಗೆ ಹೇನು ಹತ್ತವೆ ಅಂತ ನಗ್ತಾನಂತೆ ಆ ಸೆಗುಂದೊ. ದಿಟವೇ ಕಣ್ರವ್ವ. ದೊಡ್ಡ ಹೇನು ಕುದುರೆ ಮೇಲೆ ಕುಂತದೆ."

ನಕ್ಕು ಮುಗಿದ ಮೇಲೆ ಮಾತು ಹಬ್ಬದತ್ತ ಹೊರಳಿತು. ಹೋದ ಹಬ್ಬದಲ್ಲಿ ಮಾನ್ವೆಲ್ ಧಣಿಯಿಂದ ಒಂದು ಹುಂಜ ಪಡೆದಿದ್ದ. ಪಡೆದವನು ಮರುವರ್ಷ ಹನ್ನೆರಡು ಹುಂಜಗಳನ್ನು ಗಳಕ್ಕೆ ಕಟ್ಟಿ, ಕೊಳಲು ಡೋಲಿನ ಜೊತೆ ಹೊತ್ತುಕೊಂಡು ಹೋಗಿ ಧಣಿಗೆ ಒಪ್ಪಿಸಬೇಕು. ಗಳಕ್ಕೆ ಹೆಗಲು ಕೊಡುವವರು ಗಂಡಸರು; ಹೆಂಗಸರು ಹಿಂದೆ ಕುಣಿಯುತ್ತ ಹೋಗುವವರು.

"ಮೈದುನನ್ನ ಕರಿ, ಅವ್ನು ಹೊರ್ತಾನೆ," ಎಂದಳು ಒಬ್ಬಳು.

"ಕಾಳು ಹಾಕಿ ಸಾಕಿದ್ದು ನಾನು. ನಾನೇ ಹೊರ್ತೀನಿ," ಎಂದಳು ಪಾಸ್ಕುವಾಲ.

ಹಬ್ಬದ ದಿನ ಗಳದ ಒಂದು ತುದಿಗೆ ಅವಳು, ಇನ್ನೊಂದಕ್ಕೆ ರುಫೀನಜ್ಜಿ. ಕೊಳಲೂದುವವರಿಗೆ ಊದಬೇಕೋ ಬಿಡಬೇಕೋ ತಿಳಿಯದೆ ಎರಡು ಸಲ ಸ್ವರ ತಪ್ಪಿತು. ದೊಡ್ಡಮನೆಯ ಜಗಲಿಯಲ್ಲಿ ಧಣಿ ದೊನ್ ಲೆಯೋನಿದಾಸ್ ಕೀತೊ ಪಟ್ಟಣದಿಂದ ಬಂದ ನೆಂಟರೊಡನೆ ಕುಳಿತಿದ್ದ. ಅಂಗಳದಲ್ಲಿ ಜೋಳದ ಹೆಂಡದ ಪೀಪಾಯಿಗಳು ಸಿದ್ಧವಾಗಿದ್ದವು. ಪಾಸ್ಕುವಾಲ ಮೂರನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಳು.

"ಧಣಿ, ಹುಂಜ ತಂದಿದೀನಿ. ಕೊಡೋಕೆ ಮುಂಚೆ ಎರಡು ಮಾತು. ಗಂಡ ಸತ್ರೆ ಹೊಲ ಹೆಂಡ್ತಿಗೆ ಉಳೀಬೇಕು. ಹಾಲು ಕರಿಯೋಳಿಗೆ ಕೂಲಿ ಕೊಡಬೇಕು."

ಧಣಿ ನೆಂಟರ ಕಡೆ ತಿರುಗಿ ನಕ್ಕ. "ಕೇಳಿದ್ರಾ? ನಾಳೆ ಹಸುಗಳೂ ಸಂಬಳ ಕೇಳ್ತವೆ."

"ಹಸುಗಾದ್ರೂ ಹುಲ್ಲು ಹಾಕ್ತೀರಲ್ಲ, ಧಣಿ," ಎಂದಳು ಹಿಂದಿನಿಂದ ರುಫೀನಜ್ಜಿ.

ನಗು ನಿಂತಿತು. ಪಾಸ್ಕುವಾಲ ಗಳವನ್ನು ಹೆಗಲಿನಿಂದ ಹೆಗಲಿಗೆ ಬದಲಿಸಿ, ಬಂದ ದಾರಿಯಲ್ಲೇ ಹಿಂತಿರುಗಿದಳು. ಧಣಿಗೆಂದು ಹೊತ್ತು ತಂದ ಹುಂಜ ವಾಪಸು ಹೋದದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಮಧ್ಯಾಹ್ನ ಹನ್ನೆರಡನ್ನೂ ಆಲೂಗಡ್ಡೆ ಹಾಕಿ ಬೇಯಿಸಿ, ಮೂವತ್ತೆರಡು ಮನೆಯವರೂ ಹೊಟ್ಟೆ ತುಂಬ ಉಂಡರು.

ಮರುದಿನ ಬೆಳಗ್ಗೆ ಹಾಲು ಕರೆಯಲು ಯಾರೂ ಹೋಗಲಿಲ್ಲ.

ಬಿಸಿಲು ಬರುವ ಹೊತ್ತಿಗೆ ಕೊಟ್ಟಿಗೆಯಿಂದ ಹಸುಗಳ ಕೂಗು ಶುರುವಾಯಿತು. ಅದರಲ್ಲಿ ಕಾನೆಲಾಳ ದನಿ ಪಾಸ್ಕುವಾಲಳಿಗೆ ಬೇರೆಯಾಗಿಯೇ ಕೇಳುತ್ತಿತ್ತು. ಆ ಹಸುವನ್ನು ತಾಯ ಹೊಟ್ಟೆಯಿಂದ ಎಳೆದು ನೆಲಕ್ಕಿಳಿಸಿದವಳು ಅವಳೇ. ಬಾರ್ಲಿ ಗಂಜಿ ಬಾಯಿಗಿಡಲಾಗಲಿಲ್ಲ. ಕಿವಿ ಮುಚ್ಚಿಕೊಂಡರೂ ಕೂಗು ಬಿಡಲಿಲ್ಲ. ಕೆಲವರು ಬಾಗಿಲಿಗೆ ಬಂದರು. "ಕೆಚ್ಚಲು ಕಲ್ಲಾಗ್ತವೆ ಕಣಮ್ಮಿ. ನಮ್ಮ ಹಟಕ್ಕೆ ಅವು ಸಾಯ್ಬೇಕಾ? ಹೋಗನ ನಡಿ."

"ಹೋಗನ," ಎಂದು ಎದ್ದಳು ಪಾಸ್ಕುವಾಲ. "ಚೆಂಬು ಬೇಡ."

ಮೂವತ್ತೆರಡು ಹೆಂಗಸರೂ ಸೆಗುಂದೊನ ಕಣ್ಣೆದುರೇ ಅಂಗಳ ದಾಟಿ ಕರುಗಳ ದೊಡ್ಡಿಗೆ ಹೋದರು. ಅಡ್ಡಮರಗಳನ್ನು ಕಿತ್ತೆಸೆದರು. ಕರುಗಳು ಬಾಲವೆತ್ತಿಕೊಂಡು ಓಡಿದವು. ಕೊಟ್ಟಿಗೆ ಬಾಗಿಲು ತೆರೆದದ್ದೇ ತಡ, ಒಂದೊಂದೂ ತನ್ನ ತಾಯಿಯ ಕೆಚ್ಚಲಿಗೆ ಬಿತ್ತು. ಕೂಗು ಅಡಗಿತು. ಕರುಗಳು ಚಪ್ಪರಿಸುವ ಸದ್ದಷ್ಟೇ ಉಳಿಯಿತು.

ಸೆಗುಂದೊ ಕುದುರೆ ನುಗ್ಗಿಸಿಕೊಂಡು ಬಂದು ಚಾವಟಿ ಬೀಸಿದ. ಏಟು ಪಾಸ್ಕುವಾಲಳ ಹೆಗಲು ಸೀಳಿತು. ಅವಳು ಕೂಗಲಿಲ್ಲ, ಜಾಗ ಬಿಟ್ಟು ಕದಲಲಿಲ್ಲ. ಎರಡನೆಯ ಸಲ ಕೈಯೆತ್ತಿದಾಗ ಹೆಂಗಸರು ಕುದುರೆಯ ಸುತ್ತ ಒತ್ತೊತ್ತಾಗಿ ನಿಂತಿದ್ದರು. ಅದು ಹಿಂದಕ್ಕೂ ಮುಂದಕ್ಕೂ ಹೋಗಲಾರದೆ ಮೂಗರಳಿಸಿತು.

"ಹೊಡೀರಿ, ಸ್ವಾಮಿ. ಮೂವತ್ತೊಂದು ಬಾಕಿ ಅವೆ," ಎಂದಳು ರುಫೀನಜ್ಜಿ.

ಅವನು ಕೈ ಇಳಿಸಿದ.

ಪೇಟೆಯಿಂದ ಕೂಲಿಗೆ ಕರೆಸಿದ ಗಂಡಸರು ಎರಡು ದಿನ ಒದೆಸಿಕೊಂಡು ಓಡಿಹೋದರು. ಗುರುತಿಲ್ಲದ ಕೈಗೆ ಹಸುಗಳು ಹಾಲಿಳಿಸಲಿಲ್ಲ. ಕೀತೊಗೆ ಬೆಣ್ಣೆ ಹೊರುವ ಹೇಸರಗತ್ತೆಗಳು ಬರಿಮೈಯಲ್ಲಿ ನಿಂತಿದ್ದವು. ಆರನೆಯ ದಿನ ಎಲ್ಲರೂ ಹೊಲದಲ್ಲಿದ್ದಾಗ ಪಾಸ್ಕುವಾಲಳ ಗುಡಿಸಲಿಗೆ ಬೆಂಕಿ ಬಿತ್ತು. ಹುಲ್ಲಿನ ಸೂರು ಅರ್ಧ ಗಳಿಗೆಯಲ್ಲಿ ಉರಿದುಹೋಯಿತು. ಒಲೆಯ ಬದಿಯಲ್ಲಿ ಸಾಕಿದ್ದ ಗಿನಿಹಂದಿಗಳೂ ಸುಟ್ಟುಹೋದವು, ಮಾನ್ವೆಲನ ಒಳ್ಳೆಯ ಕಂಬಳಿಯೂ. ಅವಳು ಬೂದಿ ಕೆದಕುತ್ತ ಕುಳಿತು ಮೊದಲ ಸಲ ಅತ್ತಳು.

"ಅಳು, ಅತ್ಬುಡು," ಎಂದು ರುಫೀನಜ್ಜಿ ಪಕ್ಕದಲ್ಲಿ ಕುಳಿತಳು. "ಆದ್ರೆ ಇಲ್ಲಿಂದ ಎದ್ದು ಹೋಗ್ಬೇಡ."

ಅವಳು ಹೋಗಲಿಲ್ಲ. ಮರುದಿನ ಹೆಂಗಸರು ಮೇಲಿನ ಬಯಲಿನಿಂದ ಹುಲ್ಲಿನ ಹೊರೆ ತಂದರು. ಈವರೆಗೆ ದೂರ ನಿಂತಿದ್ದ ಗಂಡಸರೂ ತಲೆ ತಗ್ಗಿಸಿಕೊಂಡು ತೊಲೆ ಹೊತ್ತು ಬಂದರು. ಸಂಜೆಗೆ ಅದೇ ಜಾಗದಲ್ಲಿ ಸೂರು ಎದ್ದಿತು.

ಒಂಬತ್ತನೆಯ ದಿನ ಧಣಿ ಹೇಳಿಕಳಿಸಿದ. ಜಗಲಿಯ ಮೇಜಿನ ಮೇಲೆ ಕಾಗದ ಸಿದ್ಧವಿತ್ತು. ಹೆಬ್ಬೆಟ್ಟು ಒತ್ತಲು ಮಸಿಯೂ ಇತ್ತು.

"ಮೊದ್ಲು ಓದಿ," ಎಂದಳು ಪಾಸ್ಕುವಾಲ.

ಸೆಗುಂದೊ ಓದಿದ. ಸತ್ತವನ ಹೊಲ ಅವನ ಹೆಂಡತಿಗೆ. ಹಾಲು ಕರೆಯುವವಳಿಗೆ ವಾರಕ್ಕೊಮ್ಮೆ ಕೂಲಿ. ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡರು.

"ಇನ್ನೊಂದ್ಸಲ. ನಿಧಾನವಾಗಿ."

ಅವನು ಹಲ್ಲು ಕಚ್ಚಿಕೊಂಡು ಮತ್ತೆ ಓದಿದ. ಮೊದಲನೆಯ ಸಾಲಿಗೇ ಅವಳು ಕೈಯೆತ್ತಿ ತಡೆದಳು.

"ಅದೇನದು, 'ಧಣಿಗಳು ಕೃಪೆಯಿಂದ' ಅಂದ್ರಲ್ಲ?"

"ಹಂಗೇ ಬರಿಯೋದು. ಪದ್ಧತಿ."

"ಕೃಪೆ ತೆಗೀರಿ. ನಾವು ದುಡಿದಿದ್ದಕ್ಕೆ ಕೊಡ್ತಿರೋದು. ಕೃಪೆ ಇದ್ರೆ ಹೆಬ್ಬೆಟ್ಟು ಇಲ್ಲ."

ಸೆಗುಂದೊ ಧಣಿಯ ಮುಖ ನೋಡಿದ. ಧಣಿ ತಾನೇ ಲೇಖನಿ ಎತ್ತಿಕೊಂಡು ಆ ಪದದ ಮೇಲೆ ಒಂದು ಗೀಟು ಎಳೆದ.

ಪಾಸ್ಕುವಾಲಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಬಗ್ಗಿ ಆ ಗೀಟನ್ನು ಚೆನ್ನಾಗಿ ನೋಡಿ, ಆಮೇಲೆ ಹೆಬ್ಬೆಟ್ಟನ್ನು ಮಸಿಗೆ ಒತ್ತಿದಳು.