ಕುಸುಮಾ ಯಾವ ಮನೆಯಲ್ಲಿದ್ದಾಳೆ?

ಅಕ್ಕಂದಿರೇ, ತಂಗಿಯರೇ, ನೀವು ಇದನ್ನು ಓದುವ ಹೊತ್ತಿಗೆ ನಮ್ಮ ಕುಸುಮಾ ಮನೆಗೆ ಬಂದಿರಲಿ ಎಂದು ನನಗೆ ಆಸೆ. ಬಂದಿರುತ್ತಾಳೆ ಎಂಬ ನಂಬಿಕೆ ಮಾತ್ರ ಇಲ್ಲ. ನಾನು ಸರ್ವಮಂಗಳ, ಕೊಡ್ಲಿಪೇಟೆ ಕಡೆಯವಳು. ಬಾಯಿ ಜೋರು ಎಂದು ನಮ್ಮ ಮಹಿಳಾ ಸಂಘದಲ್ಲಿ ಹೆಸರು ಪಡೆದವಳು. ಇವತ್ತು ಇನ್ನೂ ಸ್ವಲ್ಪ ಜೋರಾಗಿಯೇ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಕುಸುಮಾ ನಮ್ಮ ಪಕ್ಕದ ಮನೆ ಶಿವಶಂಕರಪ್ಪನವರ ದೊಡ್ಡ ಮಗಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು. ಯಾರ ಹಂಗಿನಲ್ಲೂ ಇರಬಾರದು ಎಂಬ ಹಟ ಅವಳದು. ಕಾಫಿ ಹಣ್ಣಿನ ಕಾಲದಲ್ಲಿ ನನ್ನ ಜೊತೆ ಪಿಕ್ಕಿಂಗ್‌ಗೆ ಬರುತ್ತಿದ್ದಳು. ಕಳೆದ ವರ್ಷ ಏಜೆಂಟ್ ಚೇತನ್‌ಕುಮಾರ್ ಬಂದು, ಗಲ್ಫ್‌ನಲ್ಲಿ ಮನೆಗೆಲಸ ಇದೆ ಎಂದ. ಹೊರಟೇಬಿಟ್ಟಳು. ಮೊದಮೊದಲು ಫೋನ್ ಬರುತ್ತಿತ್ತು. ಕೊನೆಯ ಸಲ ಬರೀ ಅಳು. "ಹೊಡೀತಾರೆ ಕಣೇ ವಿನು, ಹೆಂಗಾದ್ರೂ ಮಾಡಿ ನನ್ನ ಕರ್ಸ್ಕೊಳ್ಳಿ" ಎಂದಳು. ಆಮೇಲೆ ಫೋನು ಸ್ವಿಚ್ ಆಫ್.

ವಿನು ಎಂದರೆ ಅವಳ ತಂಗಿ ವಿನುತಾ. ಮೊನ್ನೆ ಹೋಗಿ ನೋಡುತ್ತೇನೆ, ಆ ಹುಡುಗಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಳೆ!

"ಎಲ್ಲಿಗೇ ಹೊರಟೆ?" ಎಂದೆ.

"ಅಕ್ಕನ್ನ ಕರ್ಕೊಂಡ್ ಬರೋಕೆ ಮಂಗಳಕ್ಕ. ಚೇತನಣ್ಣ ವಿಸಿಟ್ ವೀಸಾ ಮಾಡ್ಸಿ ಕೊಡ್ತಾನಂತೆ. ಅಲ್ಲೇ ಒಂದ್ ಮನೇಲಿ ಕೆಲ್ಸಕ್ಕೆ ಸೇರ್ಕೊಂಡು ಹುಡುಕ್ಬೋದಂತೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಯ್ಯೋ ನಿನ್ ತಲೆ! ಒಬ್ಳನ್ನ ಕಳ್ಕೊಂಡಿದ್ದು ಸಾಲ್ದಾ?"

"ಸುಮ್ನಿರವ್ವ ಮಂಗಳಾ," ಎಂದರು ಶಿವಶಂಕರಪ್ಪ. "ಚೇತನ ನಮ್ಮ ಕಡೆ ಹುಡುಗ. ನಮ್ಗ್ಯಾಕೆ ಮೋಸ ಮಾಡ್ತಾನೆ? ಇವ್ಳಾದ್ರೂ ಹೋಗಿ ನೋಡ್ಲಿ."

ನನ್ನ ತಮ್ಮ ಪ್ರಸಾದ್ ದುಬೈಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ವಾಪಸ್ ಬಂದವನು. ಅವನನ್ನು ಕೂಗಿ ಕರೆದೆ. ಅವನು ಬೈಯಲಿಲ್ಲ, ಪಕ್ಕದಲ್ಲಿ ಕೂತು ಕೇಳಿದ.

"ಮಾವ, ಕುಸುಮಕ್ಕ ಇರೋದು ಯಾವ ಊರಲ್ಲಿ?"

"ಗಲ್ಫಲ್ಲಿ."

"ಗಲ್ಫ್ ಅನ್ನೋದು ಊರಲ್ಲ ಮಾವ. ಅದ್ರಲ್ಲಿ ಎಷ್ಟೋ ದೇಶ ಬರ್ತವೆ. ಆ ಮನೆ ಯಜಮಾನನ ಹೆಸ್ರೇನು?"

ಅಪ್ಪ ಮಗಳ ಮುಖ ನೋಡಿದರು. "ಯಜಮಾನ್ರು ಅಂತಿದ್ಳು ಅಷ್ಟೇ, ಹೆಸ್ರು ಹೇಳಿಲ್ಲ," ಎಂದಳು ವಿನುತಾ.

"ವೀಸಾ ಕಾಪಿ? ಕೆಲ್ಸದ ಕರಾರು?"

"ಎಲ್ಲಾ ಚೇತನಣ್ಣನ ಹತ್ರ."

"ಪಾಸ್‌ಪೋರ್ಟು?"

"ಅಲ್ಲಿ ಯಜಮಾನ್ರಿಗೆ ಕೊಟ್ಟೆ ಅಂದಿದ್ಳು," ಎಂದಳು ವಿನುತಾ. "ತೋಟದಲ್ಲಿ ಲೆಕ್ಕ ಬರಿಯೋ ರೈಟರ್ ಹತ್ರ ಆಧಾರ್ ಕೊಡಲ್ವಾ, ಹಂಗೇ ಅಂದ್ಕೊಂಡ್ಳು."

ನೋಡಿ, ನಾವು ಎಡವಿದ್ದು ಇಲ್ಲೇ. ತೋಟದ ಕೆಲಸಕ್ಕೆ ಬೆಳಗ್ಗೆ ಜೀಪು ಬರುತ್ತದೆ, ಹತ್ತುತ್ತೇವೆ. ಇವತ್ತು ಯಾವ ತೋಟ ಎಂದು ಯಾರೂ ಕೇಳುವುದಿಲ್ಲ, ಇಳಿದ ಮೇಲೆ ಗೊತ್ತಾಗುತ್ತದೆ. ಕಾರ್ಡು ರೈಟರ್ ಮೇಜಿನಲ್ಲಿ ಬಿದ್ದಿರುತ್ತದೆ. ಸಂಜೆ ಅದೇ ಜೀಪು ಮನೆ ಹತ್ತಿರ ತಂದು ಬಿಡುತ್ತದೆ. ಕುಸುಮಾ ವಿಮಾನವನ್ನೂ ಹಾಗೆಯೇ ಹತ್ತಿದಳು. ಅಲ್ಲಿಂದ ಸಂಜೆ ತಂದು ಬಿಡುವವರು ಯಾರೂ ಇಲ್ಲ.

ಪ್ರಸಾದ್ ಅಲ್ಲೇ ಚೇತನ್‌ಕುಮಾರ್‌ಗೆ ಫೋನ್ ಹಚ್ಚಿ, ಕುಸುಮಾ ಯಾವ ಮನೆಯಲ್ಲಿದ್ದಾಳೆ ಎಂದು ಕೇಳಿದ.

"ಅಲ್ಲಿಯ ಆಫೀಸಿಗೆ ಒಪ್ಪಿಸಿದೀನಿ ಕಣಪ್ಪ. ಆಮೇಲೆ ಅವ್ರು ಯಾವ ಮನೆಗೆ ಹಾಕಿದ್ರೋ ನಂಗೇನ್ ಗೊತ್ತು?" ಎಂದವನು ಕಟ್ ಮಾಡಿದ. ಮತ್ತೆ ಎತ್ತಲೇ ಇಲ್ಲ. ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರವಾನಗಿ ಇರುವ ಏಜೆಂಟರ ಪಟ್ಟಿ ತೆಗೆದು ನೋಡಿದರೆ, ಅವನ ಹೆಸರೇ ಇರಲಿಲ್ಲ.

"ವಿಸಿಟ್ ವೀಸಾ ಅಂದ್ರೆ ನೋಡ್ಕೊಂಡ್ ಬರೋಕೆ ವಿನು, ದುಡಿಯೋಕಲ್ಲ," ಎಂದ ಪ್ರಸಾದ್. "ಅದ್ರಲ್ಲಿ ಕೆಲ್ಸಕ್ಕೆ ಸೇರಿದ್ರೆ ನೀನೇ ತಪ್ಪು ಮಾಡ್ದಂಗೆ. ಹೊಡುದ್ರು ಅಂತ ಪೊಲೀಸ್ ಹತ್ರ ಹೋಗೋಕೂ ಹೆದರ್ಬೇಕು. ಅಕ್ಕನ್ನ ಹುಡ್ಕೋದಿರ್ಲಿ, ಆಮೇಲೆ ನಿನ್ನ ಹುಡ್ಕೋರ್ಯಾರು?"

ಶಿವಶಂಕರಪ್ಪ ಎದ್ದುಹೋಗಿ ಬ್ಯಾಗಿನ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದರು. "ಇವ್ಳು ಹೋಗೋದ್ ಬೇಡ," ಎಂದವರು ಗಂಡಸು ಎಂಬುದನ್ನೂ ಮರೆತು ನಮ್ಮೆಲ್ಲರೆದುರು ಅತ್ತುಬಿಟ್ಟರು.

ಮರುದಿನ ಮಡಿಕೇರಿಯ ಪೊಲೀಸ್ ಕಚೇರಿಗೆ ಹೋಗಿ ದೂರು ಕೊಟ್ಟೆವು. ಅಧಿಕಾರಿ ಒಳ್ಳೆಯ ಮನುಷ್ಯ. "ಪಾಸ್‌ಪೋರ್ಟ್ ವಿವರ ತೆಗೆಸ್ತೀನಿ. ಯಾವ ದೇಶಕ್ಕೆ ಹೋದ್ರು ಅಂತಾನೂ ತೆಗೆಸ್ತೀನಿ. ಆದ್ರೆ ಅಲ್ಲಿ ಯಾವ ಮನೆಗೆ ಹೋಗಿ ಬಾಗಿಲು ತಟ್ಟಿ ಅಂತ ರಾಯಭಾರ ಕಚೇರಿಗೆ ಬರೀಲಿ ಅಮ್ಮ? ವಿಳಾಸ ಇಲ್ಲ, ಯಜಮಾನನ ಹೆಸರಿಲ್ಲ, ಅವ್ರ ಫೋನ್ ನಂಬರೂ ಸ್ವಿಚ್ ಆಫ್. ಬೇರೆ ಏನಾದ್ರೂ ಗುರುತು?" ಎಂದರು.

"ಅಕ್ಕನ್ನ ನೋಡಿದ್ರೆ ನಾನು ಗುರುತು ಹಿಡೀತೀನಿ ಸಾರ್," ಎಂದಳು ವಿನುತಾ.

ಅಧಿಕಾರಿ ಪೆನ್ನು ಕೆಳಗಿಟ್ಟರು.

ಅಕ್ಕಂದಿರೇ, ಹೊರದೇಶಕ್ಕೆ ದುಡಿಯಲು ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ನನ್ನ ತಮ್ಮನೂ ಹೋಗಿ ಬಂದವನೇ. ಆದರೆ ಕೆಲಸದ ವೀಸಾ ಇಲ್ಲದೆ ವಿಮಾನ ಹತ್ತಬೇಡಿ. ಏಜೆಂಟ್ ನೆಂಟನೇ ಆಗಿರಲಿ, ಸರ್ಕಾರದ ಪಟ್ಟಿಯಲ್ಲಿ ಅವನ ಹೆಸರು ನೋಡಿ. ಪಾಸ್‌ಪೋರ್ಟನ್ನು ಯಾರ ಕೈಗೂ ಬಿಟ್ಟುಕೊಡಬೇಡಿ, ಅದರದು, ವೀಸಾದು, ಕರಾರಿನದು ಎಲ್ಲದರ ನಕಲು ಮನೆಯಲ್ಲಿರಲಿ. ಕೆಲಸ ಕೊಡುವವರ ಹೆಸರು, ಊರು, ಫೋನ್ ನಂಬರು ಮನೆಯವರಿಗೆ ಗೊತ್ತಿರಲಿ. ನಮ್ಮ ರಾಯಭಾರ ಕಚೇರಿಯ ನಂಬರು ಹೋಗುವವಳಿಗೆ ಬಾಯಿಪಾಠ ಆಗಿರಲಿ.

ನಿಮ್ಮ ಮನೆಯಲ್ಲಿ ಯಾರಾದರೂ ಹೊರಟಿದ್ದಾರಾ? ಯಾವ ಊರು, ಯಾರ ಮನೆ ಎಂದು ಇವತ್ತೇ ಕೇಳಿ. ಎದುರಿಗೆ ಇರುವಾಗಲೇ ಕೇಳಿ. ನಾವು ಈಗ ಕೇಳುತ್ತಿದ್ದೇವೆ, ಹೇಳುವವಳು ಇಲ್ಲ.