ವರ್ಷದ ಬೆಂಕಿಗೆ ಇಟ್ಟ ಸೌದೆ

ಅಮ್ಮನ ಶವ ಮನೆಗೆ ಬಂದ ಸಂಜೆ ಬೆನೀಟೊ ಪಿಕಪ್ ತುಂಬ ಓಕ್ ಸೌದೆ ತಂದು ಅಂಗಳದಲ್ಲಿ ಸುರಿದ. ಪಾಲೊಮಾರ್ ಬೆಟ್ಟದ ಕೆಳಗಿನ ಆ ಊರಲ್ಲಿ, ಹೂಳುವ ಮುಂಚಿನ ರಾತ್ರಿ ಸತ್ತವರಿಗಾಗಿ ಹಚ್ಚಿದ ಬೆಂಕಿ ಬೆಳಗಿನ ತನಕ ಆರಬಾರದು. ಅದಕ್ಕೆಂದು ಬಂದ ಸೌದೆಯನ್ನು ಬೇಡ ಎಂದವರಿಲ್ಲ. ಊರಿನ ಸಾವುಗಳಿಗೆಲ್ಲ ಸೌದೆ ಹೊರುವವನು ಬೆನೀಟೊನೇ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅಮ್ಮ ಅವನನ್ನು ಛೇಡಿಸುತ್ತಿದ್ದಳು.

ಅವನ ಅಕ್ಕ ಲೊರೇನಾ ಒಂದು ತುಂಡು ಎತ್ತಿ ನೋಡಿದಳು. ತೊಗಟೆಯ ಮೇಲೆ ಅರ್ಧಚಂದ್ರದಂಥ ಸಣ್ಣ ತೂತುಗಳು.

"ಎಲ್ಲಿಂದ ತಂದ್ಯೋ ಇದನ್ನ?"

"ಬೆಟ್ಟದ ಮೇಲೆ ಒಣಗಿ ನಿಂತಿತ್ತು. ಯಾಕಕ್ಕಾ, ಅಮ್ಮಂಗೆ ಅಂಗಡಿ ಸೌದೆನೇ ಆಗ್ಬೇಕಿತ್ತಾ?"

ಅರಿಜೋನಾದಿಂದ ಇಂಥದೇ ಸೌದೆಯೊಳಗೆ ಕೂತು ಬಂದ ಜೀರುಂಡೆಯ ತೂತು ಅದು. ಈ ಕಡೆಯ ಓಕ್‌ಗಳನ್ನು ಒಳಗಿಂದೊಳಗೇ ತಿಂದು ಮುಗಿಸುವ ಹಾಳು ಹುಳ. ಅಂಗಳದಲ್ಲಿ ಅಮ್ಮನ ಓಕ್ ಮರವಿತ್ತು. ಅದರ ಕಾಯಿ ಕುಟ್ಟಿ, ಕಹಿ ಹೋಗುವಂತೆ ತೊಳೆದು ಆಕೆ ವೀವಿಶ್ ಗಂಜಿ ಕಾಯಿಸುತ್ತಿದ್ದಳು. ಮಳೆಯಿಲ್ಲದೆ ಮರ ಸೊರಗಿತ್ತು. ಆಸ್ಪತ್ರೆಗೆ ಹೊರಟಾಗ ಆಕೆ ಲೊರೇನಾಗೆ ಹೇಳಿದ್ದು ಒಂದೇ ಮಾತು: "ನನ್ನ ಮರ ನೋಡ್ಕೊಳೇ."

"ಎಲ್ಲಾ ಇವತ್ತೇ ಸುಟ್ಬಿಡೋ. ಒಂದು ಚಕ್ಕೆನೂ ಉಳೀಬಾರ್ದು," ಎಂದಳು ಲೊರೇನಾ.

ಆದರೆ ಅಮ್ಮನನ್ನು ಹೂಳಿ ಬಂದ ಮೇಲೆ ನೋಡಿದರೆ ಅರ್ಧದಷ್ಟು ಉಳಿದಿತ್ತು. ಬೆನೀಟೊ ಅದನ್ನು ಮರದ ಬುಡಕ್ಕೇ ಒಟ್ಟಿ ಟಾರ್ಪಾಲು ಹೊದಿಸಿದ್ದ. "ಮುಂದಿನ ಜುಲೈಲಿ ವರ್ಷದ ಬೆಂಕಿ ಹಚ್ತೀವಲ್ಲ, ಅದಕ್ಕಿರ್ಲಿ ಅಕ್ಕಾ. ಅಮ್ಮನ ಸೌದೆ," ಎಂದ. ಅತ್ತೂ ಅತ್ತೂ ಅವನ ಕಣ್ಣು ಕೆಂಪಾಗಿತ್ತು. ಸುತ್ತ ನೆಂಟರು ನಿಂತಿದ್ದರು. ಸತ್ತವಳ ಹೆಸರಲ್ಲಿಟ್ಟ ಸೌದೆಯನ್ನು ಹುಳುಕು ಎನ್ನಲು ಲೊರೇನಾಗೆ ಬಾಯಿ ಬರಲಿಲ್ಲ. ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ.

ವರ್ಷವಿಡೀ ಸ್ನಾನದ ನೀರು ಹಿಡಿದಿಟ್ಟು ಮರಕ್ಕೆ ಸುರಿದಳು. ತುದಿಯ ರೆಂಬೆಗಳು ಬೋಳಾದಾಗ ಬಿಸಿಲನ್ನು ಬೈದಳು. ಬುಡಕ್ಕೆ ನೀರೆರೆಯುತ್ತ ಪಕ್ಕದ ಟಾರ್ಪಾಲಿನತ್ತ ನೋಡದಿರುವುದನ್ನು ಕಲಿತಳು.

ಮತ್ತೆ ಜುಲೈ ಬಂತು, ನೆಂಟರು ಬಂದರು. ಬೆನೀಟೊ ಟಾರ್ಪಾಲು ಎಳೆದ. ಒಟ್ಟಿದ್ದ ಸೌದೆಯ ತೂತುಗಳು ನೂರ್ಮಡಿಯಾಗಿದ್ದವು. ಲೊರೇನಾ ಮರದ ಕಾಂಡವನ್ನು ಅಂಗೈಯಿಂದ ಸವರಿದಳು. ಒಂದು ಅರ್ಧಚಂದ್ರ ಬೆರಳಿಗೆ ಸಿಕ್ಕಿತು, ಅದರ ಪಕ್ಕ ಇನ್ನೊಂದು.

ಬೆನೀಟೊ ಸೌದೆ ನೋಡಿದ, ಮರ ನೋಡಿದ.

"ನಿಂಗೆ ಗೊತ್ತಿತ್ತಾ ಅಕ್ಕಾ?"

"ಗೊತ್ತಿತ್ತು."

"ಹೇಳ್ಬಾರ್ದಿತ್ತಾ?"

"ಅಮ್ಮನ ಸೌದೆ ಅಂದ್ಯಲ್ಲೋ."

ಅವನು ತುಂಡುಗಳನ್ನು ಒಂದೊಂದಾಗಿ ಹೊತ್ತು ಬೆಂಕಿಗೆ ಹಾಕಿದ. ಈ ಸಲ ಒಂದು ಚಕ್ಕೆಯನ್ನೂ ಉಳಿಸಲಿಲ್ಲ.

"ಇನ್ಮೇಲೆ ಸೌದೆಗೆ ನೀನು ಬೆಟ್ಟ ಹತ್ತೋದು ಬೇಡ ಬಿಡೋ, ಅಂಗಳದಲ್ಲೇ ಆಯ್ತಲ್ಲ," ಎಂದಳು ಲೊರೇನಾ, ಮರದಿಂದ ಕೈ ತೆಗೆಯದೆ.